ಖಡಕ್ ರೊಟ್ಟಿ ಮೆತ್ತಗಾಗುವ ಕೋಣೆ

ಮೇ ತಿಂಗಳ ನಡುಮಧ್ಯಾಹ್ನ ಸಿಂದಗಿಯಲ್ಲಿ ನಿಂತುಕೊಂಡು, ‘ಛೇ, ಈ ವರ್ಷ ಸೆಕೆಯೇ ಸಾಲದು’ ಎಂದು ಕೊರಗುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಚಿಕ್ಕವಳಿದ್ದಾಗ ಅವರ ಹೆಗಲ ಮೇಲೆ ಕುಳಿತು ಊರೆಲ್ಲ ಸುತ್ತಿದ್ದೇನೆ. ಅವರು ನನ್ನ ಸೋದರಮಾವ. ಇಷ್ಟು ದಿನವಾದರೂ ಅವರನ್ನು ಯಾರೂ ಹಿಡಿದು ಡಾಕ್ಟರ ಬಳಿಗೆ ಕರೆದೊಯ್ದಿಲ್ಲವೆಂದರೆ ನಮ್ಮ ಜನ ಎಷ್ಟು ಸಹನೆಯುಳ್ಳವರು ನೋಡಿ!

ಮಾಮಾ ಹುಚ್ಚರಲ್ಲ. ನಮ್ಮ ಕಡೆಯ ಬೇಸಿಗೆಗೆ ಎರಡು ಮುಖಗಳಿವೆ. ಒಂದು ಧಗಿ. ಅದು ಒಣ ಉರಿ. ಒಗೆದು ಹಾಕಿದ ಲುಂಗಿ ನೀವು ಒಂದು ಕಪ್ಪು ಚಹಾ ಕುಡಿದು ಬರುವಷ್ಟರಲ್ಲಿ ಹಪ್ಪಳವಾಗಿರುತ್ತದೆ. ಇನ್ನೊಂದು ಕುದಿ. ಅದು ಮಳೆಗೆ ಮುಂಚಿನ ಒದ್ದೆ ಸೆಕೆ. ಹವೆಯೇ ಮೈಗೆ ಅಂಟಿಕೊಂಡು, ಸುಮ್ಮನೆ ಕುಳಿತವರೂ ತೊಯ್ದು ತೊಪ್ಪೆಯಾಗುತ್ತಾರೆ. ಧಗಿ ನಮಗೆ ನಾಲ್ಕು ತಿಂಗಳು ಪುಕ್ಕಟೆ ಸಿಗುತ್ತದೆ. ಕುದಿ ಬರುವುದು ನಾಲ್ಕೇ ದಿನ, ಬಂದಾಗ ಊರಿಗೆ ಊರೇ ಅದನ್ನು ಬೈಯುತ್ತದೆ. ಮಾಮಾ ಒಬ್ಬರೇ ಅದಕ್ಕಾಗಿ ಹಾತೊರೆಯುವವರು. ಯಾಕೆಂದರೆ ಅವರ ಮನೆಯೊಳಗೆ ಇಪ್ಪತ್ತು ಕುಂಡಗಳಿವೆ. ಎಲ್ಲವೂ ಯಾವುದೋ ದೂರದ ಮಳೆಕಾಡಿನ ಗಿಡಗಳು.

“ಈ ಗಿಡಗೋಳು ಹುಟ್ಟಿದ ಊರಾಗ ದೊಡ್ಡ ದೊಡ್ಡ ಮರದ ಬುಡಕ್ಕ ವರ್ಷಾನುಗಟ್ಟಲೆ ಬರೇ ಕುದಿ ಇರತೈತಿ. ನಮ್ಮ ಊರಾಗ ಬರೇ ಧಗಿ. ಹಂಗಾಗಿ ಕುದಿ ನಾವು ಮಾಡಿಕೊಡಬೇಕು” ಎಂದು ಅವರು ನನಗೆ ಪಾಠ ಹೇಳಿದರು.

“ಮಾಡಿಕೊಡಾಕ ಅದೇನು ಉಪ್ಪಿಟ್ಟೇನು ಮಾಮಾ?” ಎಂದೆ.

“ಉಪ್ಪಿಟ್ಟಿನಕಿಂತ ಸರಳ ಐತಿ ಯವ್ವಾ. ಉಪ್ಪು ಹಾಕೂ ಕೆಲಸಿಲ್ಲ!”

ಮಾಮಾ ಮೂವತ್ತು ವರ್ಷ ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ಬರೆದುಕೊಂಡು ಮೈಕಿನಲ್ಲಿ ಕೂಗುವ ಕೆಲಸ. ನಿವೃತ್ತಿಯ ದಿನ ಎಲ್ಲರಿಗೂ ಕೊಡುವಂತೆ ಇವರಿಗೂ ಶಾಲು ಹೊದಿಸಿ ಹಣ್ಣು ಕೊಟ್ಟರು. ಯಾರೋ ಪುಣ್ಯಾತ್ಮರು ಅದರ ಜೊತೆಗೆ ಒಂದು ಕುಂಡವನ್ನೂ ಕೊಟ್ಟುಬಿಟ್ಟರು. ಶಾಲು ಟ್ರಂಕು ಸೇರಿತು, ಹಣ್ಣು ಹೊಟ್ಟೆ ಸೇರಿತು, ಕುಂಡ ತಲೆಗೇರಿತು!

ಒಂದು ಕುಂಡ ಬರಬರುತ್ತ ಇಪ್ಪತ್ತಾಯಿತು. ಅಂದಿನಿಂದ ಮನೆಯ ಗೋಡೆಯ ಮೇಲೆ ಒಂದು ವೇಳಾಪಟ್ಟಿ ಇದೆ. ಬಸ್ಸಿನದಲ್ಲ, ಗಿಡಗಳದು. ಬೆಳಿಗ್ಗೆ ಆರೂವರೆಗೆ ಪಡಸಾಲೆಯ ಮೂಡಣ ಕಿಟಕಿ. ಒಂಬತ್ತೂ ಕಾಲಿಗೆ ಅಲ್ಲಿಂದ ಹೊರಟು ದೇವರ ಕೋಣೆಯ ಕಿಟಕಿ. ಮಧ್ಯಾಹ್ನ ಮೂರಕ್ಕೆ ಅಡುಗೆಮನೆಯ ಬಡಗಣ ಕಿಟಕಿ. ಬೆಳಕು ನೋಡಲು ಅವರಿಗೆ ಯಾವ ಯಂತ್ರವೂ ಬೇಡ. ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ನೆರಳಿನ ಅಂಚು ಚೂಪಾಗಿ ಬಿದ್ದರೆ ಬಿಸಿಲು ಹೆಚ್ಚಾಯಿತು, ನೆರಳೇ ಬೀಳದಿದ್ದರೆ ಕಡಿಮೆಯಾಯಿತು, ಮಸುಕಾಗಿ ಬಿದ್ದರೆ ಸರಿಹೋಯಿತು. ಸಮಯವಾದ ಕೂಡಲೇ ಕುಂಡ ಎತ್ತಿಕೊಂಡು ಹಳೆಯ ಗಂಟಲಿನಲ್ಲಿ ಕೂಗುತ್ತಾರೆ: “ಪಡಸಾಲಿಯಿಂದ ದೇವರ ಕೋಣಿ ಮಾರ್ಗವಾಗಿ ಅಡಗಿಮನಿಗೆ ಹೋಗೂ ಗಿಡ ಹೊಂಟೈತಿ. ನಡುವ ನಿಂತವರು ಸರೀರಿ!”

ನಡುವೆ ನಿಂತವರೆಂದರೆ ಇನ್ಯಾರು, ನಮ್ಮ ಅತ್ತೆ. ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟು, ನನ್ನ ಕಡೆ ತಿರುಗಿ ಅಂದರು, “ಲಗ್ನ ಆಗಿ ನಲವತ್ತು ವರ್ಷ ಆತು. ಇವರ ಕೂಡ ಬಸ್ಸಿನ್ಯಾಗ ಹೋದಾಗ ಒಂದು ದಿನಾನೂ ನನಗ ಕಿಡಕಿ ಸೀಟ್ ಕೊಟ್ಟಿಲ್ಲ. ಈ ಗಿಡಕ್ಕ ದಿನಾ ಮೂರು ಕಿಡಕಿ!”

ಇನ್ನು ನೀರಿನ ಸಂಗತಿ. ನಮ್ಮ ಬೋರಿನ ನೀರು ಸವಳು, ಮೂರು ದಿನ ಇಟ್ಟರೆ ತಂಬಿಗೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ನಾವೇನೋ ಅದನ್ನೇ ಕುಡಿದು ಗಟ್ಟಿಮುಟ್ಟಾಗಿ ಬೆಳೆದೆವು. ಆದರೆ ಗಿಡಗಳ ಎಲೆಯಂಚು ಸುಟ್ಟಂತಾಗುತ್ತಿತ್ತು. ಉಪ್ಪಿಲ್ಲದ ನೀರು ಬೇಕು, ಮಳೆಗೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕು, ಏನು ಮಾಡುವುದು? ಎ.ಸಿ. ಮಷಿನ್ನಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿರುವುದಿಲ್ಲ ಎಂದು ಮಾಮಾ ಕಂಡುಹಿಡಿದರು. ಮನೆಯಲ್ಲಿ ಎ.ಸಿ. ಇಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಎ.ಟಿ.ಎಮ್ಮಿಗೆ ಇದೆ. ಸರಿ, ಅದರ ಹಿಂಬದಿಯ ಪೈಪಿನ ಕೆಳಗೆ ಕ್ಯಾನು ಇಟ್ಟು, ಪಕ್ಕದಲ್ಲಿ ಕೊಡೆ ಹಿಡಿದು ದಿನಾ ಎರಡು ತಾಸು ಕೂರತೊಡಗಿದರು. ನಾಲ್ಕನೆಯ ದಿನ ಕಾವಲಿನವನು ಬಂದ.

“ಯಾಕ್ರಿ ಹಿರ್ಯಾರ, ದಿನಾ ಬಂದು ಕುಂಡ್ರತೀರಿ? ಕಾರ್ಡ್ ಸಿಕ್ಕೊಂಡೈತೇನ್ರಿ?”

“ನನಗ ಕಾರ್ಡ್ ಬ್ಯಾಡಪಾ. ಮುಂದಿನ ಬಾಗಲದಾಗ ನೀವು ಏನರ ಕೊಟ್ಕೋರಿ, ಹಿಂದಿಂದು ನನಗ ಬಿಡ್ರಿ!”

ಪಾಪ, ಕಾವಲಿನವನು ಕುಂಡದ ಕತೆಯೆಲ್ಲ ಕೇಳಿ, ಮರುದಿನದಿಂದ ತಾನೇ ಕ್ಯಾನು ತುಂಬಿಸಿ ಇಡತೊಡಗಿದ. ಮಾಮಾನ ಮುಂದೆ ಹತ್ತು ನಿಮಿಷ ನಿಂತವರು ಹೀಗೆ ಏನಾದರೊಂದು ಕೆಲಸಕ್ಕೆ ಸಿಕ್ಕಿಬೀಳುತ್ತಾರೆ. ಎರೆಮಣ್ಣು ಬೇರನ್ನು ಉಸಿರುಗಟ್ಟಿಸುತ್ತದೆ ಎಂದಾಗ ಗ್ಯಾರೇಜಿನ ಹಳೆಯ ಗೆಳೆಯರು ಹರಿದ ಬಸ್ ಸೀಟುಗಳೊಳಗಿನ ತೆಂಗಿನ ನಾರನ್ನು ಗೋಣಿಚೀಲದಲ್ಲಿ ತುಂಬಿ ಕಳಿಸಿದ್ದರು. ಅದಕ್ಕೆ ಇದ್ದಿಲಿನ ಚೂರು ಬೆರೆಸಿ ಇಪ್ಪತ್ತು ಗಿಡಗಳನ್ನೂ ಕೂರಿಸಿದರು. ನೀರು ಹಾಕಿದರೆ ಸರ್ರನೆ ಇಳಿಯುತ್ತದೆ, ಆದರೆ ತೇವ ಉಳಿಯುತ್ತದೆ. “ನಮ್ಮ ಪ್ಯಾಸೆಂಜರ್‌ಗೋಳು ಎಲ್ಲಾರೂ ಸೀಟ್ ಹಿಡದು ಕುಂತಾರ, ನಿಂತವರು ಯಾರೂ ಇಲ್ಲ” ಎಂದು ಮಾಮಾನ ಹೆಮ್ಮೆ.

ಬೇಸಿಗೆ ಬಂದರೆ ವೇಳಾಪಟ್ಟಿ ಬಂದ್. ಎಲ್ಲ ಗಿಡಗಳೂ ಜೋಳದ ಕೋಣೆಗೆ ಹೋಗುತ್ತವೆ. ಹಿಂದೆ ಜೋಳದ ಚೀಲ ಇಡುತ್ತಿದ್ದ ದಪ್ಪ ಗೋಡೆಯ ಕೋಣೆ ಅದು. ಒಂದೇ ಕಿಟಕಿ, ಅದಕ್ಕೆ ಅತ್ತೆಯ ಹಳೆಯ ನೂಲಿನ ಸೀರೆಯ ಪರದೆ. ಗೋಡೆಯುದ್ದಕ್ಕೂ ತೋಯಿಸಿದ ಗೋಣಿಚೀಲಗಳು. ಪ್ರತಿ ಕುಂಡದ ಕೆಳಗೆ ಹರಳುಕಲ್ಲು ತುಂಬಿದ ತಟ್ಟೆ, ಅದರಲ್ಲಿ ನೀರು. ಮೂಲೆಯಲ್ಲಿ ಮೆಲ್ಲಗೆ ತಿರುಗುವ ಒಂದು ಸಣ್ಣ ಫ್ಯಾನು, ಬೂಷ್ಟು ಹಿಡಿಯಬಾರದೆಂದು. ಇನ್ನು ಸೂರಿನಿಂದ ದಾರದಲ್ಲಿ ಇಳಿಬಿಟ್ಟ ಒಂದು ಖಡಕ್ ರೊಟ್ಟಿ!

ರೊಟ್ಟಿ ಯಾಕೆ? ಹವೆಯಲ್ಲಿನ ತೇವ ಅಳೆಯುವ ಒಂದು ಡಬ್ಬಿಯನ್ನು ಮಾಮಾ ತರಿಸಿದ್ದರು, ಅದು ಹದಿನೈದು ದಿನಕ್ಕೆ ಕೆಟ್ಟಿತು. ಆಗ ಅವರ ಕಣ್ಣು ರೊಟ್ಟಿಯ ಬುಟ್ಟಿಯ ಮೇಲೆ ಬಿತ್ತು. ನಮ್ಮ ಖಡಕ್ ರೊಟ್ಟಿ ತಿಂಗಳಿಟ್ಟರೂ ಮುಟ್ಟಿದರೆ ಪಟ್ಟೆಂದು ಮುರಿಯುತ್ತದೆ, ಅಂಥ ಒಣ ಹವೆ ನಮ್ಮದು. ಹಾಗಾದರೆ ಯಾವ ಕೋಣೆಯಲ್ಲಿ ಅದು ಮುರಿಯದೆ ಬಗ್ಗುತ್ತದೋ ಅಲ್ಲಿ ಕುದಿ ಇದೆ ಎಂದಾಯಿತಲ್ಲ! ಬೆಳಿಗ್ಗೆ ಹೊಸ ರೊಟ್ಟಿ ಕಟ್ಟುವುದು, ಎರಡು ತಾಸಿಗೆ ಬಗ್ಗಿಸಿ ನೋಡುವುದು. ಬಗ್ಗಿದರೆ ಸೈ. ಮುರಿದರೆ ಗೋಣಿಗೆ ಇನ್ನೊಂದು ಕೊಡ ನೀರು. ಒಮ್ಮೆ ಇಂಡಿಯಿಂದ ಬಂದ ಬೀಗರೊಬ್ಬರು ಬಾಗಿಲಲ್ಲಿ ಇಣುಕಿ, ಕೈಮುಗಿದು ಕೇಳಿದರು, “ದೃಷ್ಟಿ ಆಗಬಾರದಂತ ನಮ್ಮ ಕಡೆ ನಿಂಬಿಹಣ್ಣು ಕಟ್ಟತೇವ್ರಿ. ನಿಮ್ಮಲ್ಲಿ ರೊಟ್ಟಿ ಕಟ್ಟತೀರೇನ್ರಿ?”

ನಾನೂ ನಗುತ್ತಲೇ ಆ ಕೋಣೆಯೊಳಗೆ ಹೋದವಳು. ನಾನು ಮುದ್ದೇಬಿಹಾಳದಲ್ಲಿದ್ದುಕೊಂಡು ನಾಲತವಾಡದ ಶಾಲೆಯೊಂದರಲ್ಲಿ ಪಾಠ ಮಾಡುವವಳು. ಮನಿ ಪ್ಲಾಂಟನ್ನೂ ಸಾಯಿಸಿದ ಕೀರ್ತಿ ನನ್ನದು. ಹೊರಗೆ ಬೇವಿನ ಮರವೂ ಬಾಡಿದ ಹಾಗೆ ನಿಂತಿತ್ತು. ಒಳಗೆ ಕಾಲಿಟ್ಟರೆ ಊಟದ ತಟ್ಟೆಯಷ್ಟಗಲದ ಎಲೆಗಳು, ಎಲೆಯ ತುದಿಯಿಂದ ತಾನೇ ತಾನಾಗಿ ಇಳಿಯುವ ಹನಿ, ಮಳೆ ಬಿದ್ದ ಮಣ್ಣಿನ ವಾಸನೆ. ಗೋಡೆಯಾಚೆ ನಮ್ಮ ಸಿಂದಗಿ ಇದೆ ಎಂಬುದೇ ಮರೆತುಹೋಯಿತು. ಎಸ್ಸೆಸ್ಸೆಲ್ಸಿ ಪಾಸಾದ ನಮ್ಮ ಮಾಮಾ, ಸೀರೆ, ಗೋಣಿ, ರೊಟ್ಟಿ ಇಷ್ಟನ್ನೇ ಇಟ್ಟುಕೊಂಡು ಒಂದು ಕಾಡಿನ ಹವೆಯನ್ನೇ ಹುಟ್ಟಿಸಿದ್ದರು. ನನಗೆ ಇವತ್ತಿಗೂ ಅದು ಬೆರಗು.

ಪಕ್ಕದ ಮನೆಯ ಚಾಚಾನನ್ನು ಈಗ ನಿಮಗೆ ಪರಿಚಯಿಸಬೇಕು. ಆಲಮೇಲದ ಬಸ್ಸು ಓಡಿಸಿದ ಡ್ರೈವರ್ ಅವರು. ಮೂವತ್ತು ವರ್ಷ ಮಾಮಾ ಸೀಟಿ ಊದಿದರು, ಚಾಚಾ ಗೇರು ಹಾಕಿದರು. ಎರಡು ಮನೆಗಳ ನಡುವೆ ಎದೆಮಟ್ಟದ ಗೋಡೆ. ಆ ಗೋಡೆಯ ಮೇಲೆ ಎರಡು ಕಪ್ಪು ಇಟ್ಟು ದಿನಾ ಬೆಳಿಗ್ಗೆ ಇಬ್ಬರೂ ಚಹಾ ಕುಡಿಯಬೇಕು, ಆಮೇಲೆಯೇ ಲೋಕಕ್ಕೆ ಬೆಳಗು! ಮಾಮಾನ ಗಿಡಗಳಲ್ಲಿ ಚಾಚಾಗೆ ಒಂದರ ಮೇಲೆ ಬಲು ಪ್ರೀತಿ. ಅದು ಹಗಲೆಲ್ಲ ಎಲೆ ಹರಡಿಕೊಂಡಿದ್ದು, ಸಂಜೆಯಾಗುತ್ತಲೇ ಒಂದೊಂದನ್ನೇ ಮೇಲಕ್ಕೆತ್ತಿ ಮಡಿಚಿಕೊಳ್ಳುತ್ತದೆ.

“ನೋಡ್ರಿ, ಮಗ್ರಿಬ್ ನಮಾಜಿನ ಹೊತ್ತಾತು, ದುವಾಕ್ಕ ಕೈ ಎತ್ತಾಕತ್ತೈತಿ” ಎನ್ನುವರು ಚಾಚಾ.

“ಕಣ್ಣಾಗ ಏನರ ಬಿದ್ದೈತೇನೋ? ದೀಪ ಹಚ್ಚೂ ಹೊತ್ತಿಗೆ ಕೈ ಮುಗಿಯಾಕತ್ತೈತಿ” ಎನ್ನುವರು ಮಾಮಾ.

ಈ ವಾದ ಎರಡು ವರ್ಷ ನಡೆಯಿತು. ಗಿಡ ಯಾರ ಪರವಾಗಿಯೂ ಬಾಯಿ ಬಿಡಲಿಲ್ಲ.

ಈ ಸಲ ಯುಗಾದಿ ಮುಗಿದ ಮೇಲೆ ಮಾಮಾ ಮತ್ತು ಅತ್ತೆ ಒಂದು ಮದುವೆಗೆಂದು ಬಸವನ ಬಾಗೇವಾಡಿಯ ಕಡೆಯ ಮಸೂತಿ ಎಂಬ ಊರಿಗೆ ಎಂಟು ದಿನ ಹೋಗಬೇಕಾಯಿತು. ಕೀಲಿಕೈ, ಎರಡು ಹಾಳೆ ತುಂಬ ಸೂಚನೆ, ಏಳು ರೊಟ್ಟಿ, ಎಲ್ಲವನ್ನೂ ಚಾಚಾನ ಕೈಗೆ ಒಪ್ಪಿಸಿದರು. ಚಾಚಾ ಮೊದಲ ದಿನ ಕೋಣೆಯ ಬಾಗಿಲು ತೆರೆದದ್ದೇ ತಡ, ಒದ್ದೆ ಬಿಸಿ ಹವೆ ಮುಖಕ್ಕೆ ಬಡಿಯಿತು. ಅವರ ಕರುಳು ಚುರುಕ್ ಎಂದಿತು. ಬಾಯಿಲ್ಲದ ಜೀವಗಳು, ಇಷ್ಟು ಕುದಿಯಲ್ಲಿ ಉಸಿರುಗಟ್ಟಿ ಸಾಯುತ್ತಿವೆಯಲ್ಲ! ಬಿಸಿಲಲ್ಲಿ ಬೆಂದು ಬಂದವರಿಗೆ ನಮ್ಮ ಕಡೆ ಏನು ಮಾಡುತ್ತೇವೆ? ನೆರಳಿಗೆ ಕರೆದು, ಗಾಳಿಗೆ ಕೂರಿಸಿ, ಒಂದು ತಂಬಿಗೆ ತಣ್ಣೀರು ಕೊಡುತ್ತೇವೆ. ಚಾಚಾ ಮಾಡಿದ್ದು ಅದನ್ನೇ. ಇಪ್ಪತ್ತು ಕುಂಡಗಳನ್ನೂ ಅಂಗಳಕ್ಕೆ ಹೊತ್ತು ತಂದು, ಬೇವಿನ ನೆರಳಲ್ಲಿ ಗಾಳಿಗೆ ಸಾಲಾಗಿ ಇಟ್ಟು, ದಿನಕ್ಕೆರಡು ಸಲ ಫ್ರಿಜ್ಜಿನ ನೀರು ಹೊಯ್ದರು. ರೊಟ್ಟಿಗಳನ್ನು ಏನು ಮಾಡಬೇಕೆಂದು ತಿಳಿಯದೆ ತಿಂದರು.

ಎಂಟನೆಯ ದಿನ ಮಾಮಾ ಬಂದರು. ಎಲೆ ಮುಟ್ಟಿದರು, ಎಲೆ ಪುಡಿಯಾಯಿತು. ಚಾಚಾ ಗಾಬರಿಯಿಂದ ಓಡಿಬಂದು, “ದಣಿದು ಬಂದೀರಿ, ಮೊದಲ ನೀರು ಕುಡೀರಿ” ಎಂದು ಫ್ರಿಜ್ಜಿನ ನೀರಿನ ತಂಬಿಗೆಯನ್ನೇ ಮುಂದೆ ಹಿಡಿದರು! ಮಾಮಾ ಆ ತಂಬಿಗೆಯನ್ನು ನೋಡಿದರು, ಚಾಚಾನ ಮುಖ ನೋಡಿದರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುದಿನ ಗೋಡೆಯ ಮೇಲೆ ಒಂದೇ ಕಪ್ಪು ಇತ್ತು, ಚಾಚಾನದು.

ಹತ್ತು ಹನ್ನೆರಡು ಗಿಡಗಳು ಹೇಗೋ ಚೇತರಿಸಿಕೊಂಡವು. ಆ ಕೈ ಎತ್ತುವ ಅಥವಾ ಮುಗಿಯುವ ಗಿಡದ ಒಂದೆಲೆಯೂ ಉಳಿಯಲಿಲ್ಲ. ನಾರು ಕೆದಕಿದರೆ ಒಳಗೆ ಶುಂಠಿಯ ತುಂಡಿನಂಥ ಗಡ್ಡೆಯೊಂದು ಗಟ್ಟಿಯಾಗಿತ್ತು. ಮಾಮಾ ಅದನ್ನು ಹೊಸ ನಾರಿನಲ್ಲಿಟ್ಟು ಕಾಯುತ್ತ ಕುಳಿತರು.

ನಾನು ಬೇಸಿಗೆ ರಜೆಗೆ ಸಿಂದಗಿಗೆ ಬಂದಿದ್ದಾಗ ಒಂದು ಬೆಳಿಗ್ಗೆ ಚಾಚಾ ಬಿಳಿ ಟೋಪಿ ಹಾಕಿಕೊಂಡು ಬಾಗಿಲಿಗೆ ಬಂದರು. ಅವರಿಗೂ ಚಾಚಿಗೂ ಹಜ್ ಯಾತ್ರೆಗೆ ಹೆಸರು ಬಂದಿತ್ತು. ಹೋದ ವರ್ಷವಷ್ಟೇ ಚಾಚಾನ ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದ್ದರು. ಡಾಕ್ಟರು ಬಹಳ ಹೊತ್ತು ಯೋಚಿಸಿ ಹೂಂ ಎಂದಿದ್ದರು. ಹಜ್‌ಗೆ ಹೊರಡುವವರು ಬಂಧುಬಳಗ, ನೆರೆಹೊರೆ, ಎಲ್ಲರ ಮನೆಗೂ ಹೋಗಿ ತಪ್ಪಾಗಿದ್ದರೆ ಮಾಫಿ ಕೇಳಬೇಕು. ಯಾರ ಮನಸ್ಸಿನಲ್ಲೂ ನೋವು ಉಳಿಸಿ ಹೋಗಬಾರದು. ಚಾಚಾ ಊರೆಲ್ಲ ಮುಗಿಸಿ ಕೊನೆಗೆ ಇಲ್ಲಿಗೆ ಬಂದಿದ್ದರು.

“ಮೂವತ್ತು ವರ್ಷದಾಗ ಅಂದಿದ್ದು ಆಡಿದ್ದು ಏನರ ತಪ್ಪಾಗಿದ್ರ ಮಾಫ್ ಮಾಡ್ರಿ ಕಂಟ್ರೋಲರ್ ಸಾಹೇಬ್ರ” ಎಂದು ಕೈ ಹಿಡಿದರು.

ಮಾಮಾ ಜೋಳದ ಕೋಣೆಯ ಕಡೆ ನೋಡಿದರು. “ನಂದು ಎಲ್ಲಾ ಮಾಫ್ ಐತಿ. ಗಿಡದ್ದು ನಾ ಹೆಂಗ ಹೇಳ್ಲಿ? ಅದರದು ಅದು ಹೇಳಬೇಕು.”

ಅತ್ತೆ ಹಣೆ ಚಚ್ಚಿಕೊಂಡರು. “ಅಯ್ಯ ನನ್ನ ಶಿವನ! ಗಿಡ ಹೆಂಗ ಹೇಳತೈತ್ರಿ?”

“ಒಂದು ಎಲಿ ಬಿಟ್ರ ಹೇಳಿದಂಗ.”

ಇದು ಹಟವೆಂದು ನಿಮಗನ್ನಿಸಬಹುದು. ಹಟವಲ್ಲ. ಬಾರದ ಬಸ್ಸನ್ನು ಬಂತೆಂದು ಬರೆದ ಮನುಷ್ಯನಲ್ಲ ಅವರು. ತಮ್ಮದಲ್ಲದ ಮಾಫಿಯನ್ನು ಹೇಗೆ ಕೊಟ್ಟಾರು? ಚಾಚಾ ಅದನ್ನು ಒಪ್ಪಿಕೊಂಡೇಬಿಟ್ಟರಲ್ಲ, ನನಗೆ ಅದೇ ಆಶ್ಚರ್ಯ. ತಲೆ ತಗ್ಗಿಸಿ, “ಖರೇ ಐತ್ರಿ. ನಾವು ಹೊರಡಾಕ ಇನ್ನ ಇಪ್ಪತ್ತೆರಡು ದಿನ ಐತಿ” ಎಂದು ಹೇಳಿ ಹೋದರು.

ಆ ಇಪ್ಪತ್ತೆರಡು ದಿನ ಮಾಮಾ ಪಟ್ಟ ಪಾಡು! ಮಾತಾಡಿಸದವರು ಇವರೇ, ಅವರಿಗೆ ಮಾಫಿ ಕೊಡಿಸಲು ಊಟ ಬಿಟ್ಟು ದುಡಿದವರೂ ಇವರೇ. ಗಡ್ಡೆಯ ಕುಂಡದ ಮೇಲೆ ಉಪ್ಪಿನಕಾಯಿಯ ದೊಡ್ಡ ಗಾಜಿನ ಬರಣಿಯನ್ನು ಬೋರಲು ಹಾಕಿದರು. ಕೆಳಗಿನ ತಟ್ಟೆಗೆ ಮೂರು ಹೊತ್ತು ಉಗುರುಬೆಚ್ಚಗಿನ ನೀರು. ಬನಿಯನ್ನು ತೊಟ್ಟು ಮಣೆಯ ಮೇಲೆ ಕುಳಿತು ನೋಡಿದ್ದೇ ನೋಡಿದ್ದು. “ಮಗಳ ಬಾಣಂತನದಾಗ ಇವರು ಇಷ್ಟು ಸಲ ಒಳಗ ಹೊರಗ ಅಡ್ಡಾಡಲಿಲ್ಲ” ಎಂದರು ಅತ್ತೆ.

ಗೋಡೆಯಾಚೆಯಿಂದ ದಿನಾ ಬೆಳಿಗ್ಗೆ ಚಾಚಾನ ದನಿ ಕೇಳುತ್ತಿತ್ತು. ಮಾಮಾನನ್ನಲ್ಲ, ಅತ್ತೆಯನ್ನು ಕೇಳುವುದು: “ವೈನಿ, ಬಂತೇನ್ರಿ?”

“ಇನ್ನಾ ಇಲ್ರಿ.”

ಒಂದು ವಾರದ ಮೇಲೆ ಗೋಡೆಯ ಮೇಲೆ ಒಂದು ಕ್ಯಾನು ಕಾಣಿಸಿತು. ಯಾವುದೋ ಬಟ್ಟೆ ಅಂಗಡಿಯ ಎ.ಸಿ. ಕೆಳಗೆ ಕುಳಿತು ಚಾಚಾ ತುಂಬಿಸಿಕೊಂಡು ಬಂದಿದ್ದರು. ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು, ಆ ಬಿಸಿಲಲ್ಲಿ! ಮಾಮಾ ನೀರನ್ನು ನಾಲಿಗೆಗೆ ಹಚ್ಚಿ ನೋಡಿ ಗಿಡಕ್ಕೆ ಹಾಕಿದರು. ಖಾಲಿ ಕ್ಯಾನನ್ನು ತೊಳೆದು ಗೋಡೆಯ ಮೇಲೆ ಇಟ್ಟರು. ಅಂದಿನಿಂದ ಇಬ್ಬರ ನಡುವೆ ದಿನಾ ಕ್ಯಾನು ಓಡಾಡಿತು, ಮಾತು ಮಾತ್ರ ಇಲ್ಲ.

ಹದಿನೇಳನೆಯ ದಿನ ಅಕ್ಕಿಕಾಳಿನಷ್ಟು ಬಿಳಿಯ ಮೊನೆಯೊಂದು ನಾರಿನಿಂದ ಇಣುಕಿತು. ಮಾಮಾ ಯಾರಿಗೂ ಜೋರಾಗಿ ಮಾತಾಡಲು ಬಿಡಲಿಲ್ಲ, ಅತ್ತೆಗೆ ಒಗ್ಗರಣೆಯ ಸದ್ದೂ ನಿಷಿದ್ಧ. ಮೂರು ದಿನಕ್ಕೆ ಆ ಮೊನೆ ಕಂದಿ ಕರಗಿಹೋಯಿತು. ಅಂದು ಮಾಮಾ ಅನ್ನ ಮುಟ್ಟಲಿಲ್ಲ. ಅವರನ್ನು ಕಂಡು ನನಗೆ ನಗು ಬರುವುದು ಆ ದಿನವೇ ನಿಂತುಹೋಯಿತು.

ಹೊರಡುವ ದಿನ ಬಂತು. ಓಣಿ ತುಂಬ ಜನ. ಹೈದರಾಬಾದಿಗೆ ಹೋಗುವ ಗಾಡಿ ನಿಂತಿತ್ತು. ಹೊಸ ಬಿಳಿ ಅಂಗಿ ತೊಟ್ಟ ಚಾಚಾ, ಕೊರಳ ತುಂಬ ಹೂವಿನ ಹಾರ. ಎಲ್ಲರ ಕೈ ಹಿಡಿದು ಮಾತಾಡಿಸುತ್ತಾರೆ, ನಡುನಡುವೆ ನಮ್ಮ ಬಾಗಿಲ ಕಡೆ ನೋಡುತ್ತಾರೆ. ಅತ್ತೆ ನನ್ನನ್ನು ಒಳಗೆ ಕಳಿಸಿದರು. ಮಾಮಾ ಬನಿಯನ್ನಿನಲ್ಲಿ ತೊಯ್ದು ಕುಳಿತಿದ್ದರು.

“ಮಾಮಾ, ಗಾಡಿ ಹೊಂಟೈತ್ರಿ.”

“ಬಂದಿಲ್ಲ ಯವ್ವಾ” ಎಂದರು, ಬರಣಿಯಿಂದ ಕಣ್ಣು ತೆಗೆಯದೆ. ಆಮೇಲೆ ಎದ್ದರು. ಅಂಗಿಯನ್ನೂ ಹಾಕಿಕೊಳ್ಳದೆ, ಚಪ್ಪಲಿಯನ್ನೂ ಮೆಟ್ಟದೆ ಸೀದಾ ಬೀದಿಗೆ ನಡೆದರು. ಜನ ಸರಿದು ದಾರಿ ಬಿಟ್ಟರು.

“ಬಂತು” ಎಂದರು ಮಾಮಾ.

“ಏನ್ರಿ?”

“ಎಲಿ. ಮುಂಜಾನೆ ಬಂತು. ಇಷ್ಟುದ್ದ ಐತಿ” ಎಂದು ತೋರುಬೆರಳು ಎತ್ತಿ ತೋರಿಸಿದರು. “ಎಲ್ಲಾ ಮಾಫ್ ಐತಿ. ಗಾಡಿ ಹತ್ತು.”

ನಾನು ತಿರುಗಿ ಜೋಳದ ಕೋಣೆಯ ಕಡೆ ನೋಡಿದೆ. 

ಚಾಚಾ ಆ ಬೆರಳನ್ನು ನೋಡಿದರು. ನಂಬಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮಾಮಾನನ್ನು ಬಾಚಿ ತಬ್ಬಿಕೊಂಡರು, ಹೊಸ ಅಂಗಿಯೆಲ್ಲ ಒದ್ದೆಯಾಯಿತು. “ನಿಂದೂ ಮಾಫ್ ಐತೋ ದೋಸ್ತ” ಎಂದರು.

“ನಂದೇನು ತಪ್ಪು?”

“ಎರಡು ತಿಂಗಳ ಚಹಾ.”

ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಮಾಮಾ ಸುಡುವ ನೆಲದ ಮೇಲೆ ಬರಿಗಾಲಲ್ಲಿ ನಿಂತೇ ಇದ್ದರು. ನಾನೇ ಕೈ ಹಿಡಿದು ಒಳಗೆ ಕರೆತಂದೆ. ಮತ್ತೆ ಹೋಗಿ ಆ ಮಣೆಯ ಮೇಲೆಯೇ ಕುಳಿತರು. ಅವರನ್ನು ನಗಿಸೋಣವೆಂದು, “ಎಂಥಾ ಸುಳ್ಳು ಹೇಳಿದ್ರಿ ಮಾಮಾ! ಚಾಚಾ ನಲವತ್ತು ದಿನಕ್ಕ ತಿರುಗಿ ಬರ್ತಾರ. ಅಷ್ಟರಾಗ ಎಲಿ ಬರದಿದ್ರ ಏನು ಮಾಡ್ತೀರಿ?” ಎಂದೆ.

ಮಾಮಾ ಬರಣಿಯ ಮೇಲಿನ ತೇವವನ್ನು ಅಂಗೈಯಿಂದ ಒರೆಸಿದರು.

“ಅಲ್ಲಿ ಭಾಳ ಧಗಿ ಐತಂತ. ಅವನ ಎದಿ ಗಟ್ಟಿ ಇಲ್ಲ” ಎಂದರು. “ಎಲಿ ಬರದಿದ್ರೂ ನಡೀತೈತಿ ಯವ್ವಾ. ಅವ ಬರಬೇಕು ನೋಡು.”